ಎದೆಯೊಳಗಿನ ಧೂಳು ಯಾರ ಲೆಕ್ಕದಲ್ಲಿದೆ?

2025ರ ನವೆಂಬರ್ 21ರಂದು ಕೇಂದ್ರ ಸರಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಒಟ್ಟಿಗೆ ಜಾರಿಗೆ ತಂದಿತು. ಇಪ್ಪತ್ತೊಂಬತ್ತು ಹಳೆಯ ಕಾಯಿದೆಗಳು ಅವುಗಳ ಹೊಟ್ಟೆ ಸೇರಿದವು. 1948ರ ಫ್ಯಾಕ್ಟರಿ ಕಾಯಿದೆಯೂ ಅದರಲ್ಲಿಯೇ ಹೋಯಿತು. ಮುಷ್ಕರದ ಹಕ್ಕಿಗೆ, ಕೆಲಸದ ಭದ್ರತೆಗೆ ಈ ಸಂಹಿತೆಗಳು ಎಷ್ಟು ಪೆಟ್ಟು ಕೊಟ್ಟಿವೆ ಎಂಬುದು ಬೇರೆಯೇ ಒಂದು ದೊಡ್ಡ ಮಾತು. ಇಂದು ಅದನ್ನು ಎತ್ತುವುದಿಲ್ಲ. ಇಂದು ನಾವು ಕೈಗೆತ್ತಿಕೊಂಡಿರುವುದು ಅವುಗಳೊಳಗಿನ ಒಂದು ಒಳ್ಳೆಯ ಮಾತನ್ನು. ನಲವತ್ತು ವರ್ಷ ದಾಟಿದ ಕೆಲಸಗಾರನಿಗೆ ವರ್ಷಕ್ಕೊಮ್ಮೆ ಪುಕ್ಕಟೆ ವೈದ್ಯಕೀಯ ತಪಾಸಣೆ ಆಗಬೇಕು, ಅದರ ಹೊಣೆ ಮಾಲಿಕನದು ಎಂದು ಸರಕಾರ ಸಾರಿದೆ.

ಒಳ್ಳೆಯದು. ಬಂದದ್ದನ್ನು ಬೇಡವೆನ್ನುವಷ್ಟು ಮೂರ್ಖರು ನಾವಲ್ಲ. ಆದರೆ ತಪಾಸಣೆ ಮುಗಿದ ಮೇಲೆ ಆ ಕಾಗದ ಎಲ್ಲಿಗೆ ಹೋಗುತ್ತದೆ? ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿದ್ದು, ಯಂತ್ರದೊಳಗೆ ಊದಿಸಿ ಅಳೆದದ್ದು, ಎಕ್ಸ್‌ರೇಯಲ್ಲಿ ಕಂಡದ್ದು, ಇವೆಲ್ಲ ಮಾಲಿಕನ ಬೀರುವಿನಲ್ಲಿ ಕುಳಿತರೆ ಅದು ಮಾಲಿಕನ ಸ್ವತ್ತು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಕುಳಿತರೆ ಆಸ್ಪತ್ರೆಯ ಸ್ವತ್ತು. ಜಿಲ್ಲೆಯ ಆರೋಗ್ಯಾಧಿಕಾರಿಗೂ ಕಾರ್ಖಾನೆ ಇಲಾಖೆಗೂ ತಲುಪಿ, ಅಲ್ಲಿ ಕೂಡಿಸಿ ಲೆಕ್ಕವಾದಾಗಲೇ ಅದು ದುಡಿಯುವವನ ಉಪಯೋಗಕ್ಕೆ ಬಂದೀತು. ಈ ಮೂರನೆಯ ದಾರಿ ಕಾಗದದ ಮೇಲೆ ಇದೆ, ನೆಲದ ಮೇಲೆ ಇಲ್ಲ. ಅದನ್ನು ತೆರೆಯಬೇಕು, ತೆರೆಯುವಾಗ ಅದು ಮಾಲಿಕನ ಮೇಜಿನ ಮೇಲೆ ಹಾಯದಂತೆ ನೋಡಿಕೊಳ್ಳಬೇಕು. ನಮ್ಮ ವಾದ ಇಷ್ಟೆ.

ಒಂದು ಕೆಮ್ಮಿನ ಪ್ರಯಾಣವನ್ನು ನೋಡಿ. ನೂಲಿನ ಮಿಲ್ಲಿನಲ್ಲಿ ದುಡಿಯುವವನಿಗೆ ಎದೆ ಬಿಗಿಯುತ್ತದೆ. ಮೊದಲು ಮಿಲ್ಲಿನ ಡಾಕ್ಟರ ಬಳಿ ಒಂದು ಮಾತ್ರೆ. ಗುಣವಾಗದಿದ್ದರೆ ಇ.ಎಸ್.ಐ. ದವಾಖಾನೆ, ಅಲ್ಲಿ ಒಂದು ಚೀಟಿ. ಅಲ್ಲಿನ ಸರತಿಯಲ್ಲಿ ನಿಂತರೆ ಅರ್ಧ ದಿನದ ಕೂಲಿ ಹೋಗುತ್ತದೆಂದು ಮುಂದಿನ ಸಲ ಬೀದಿಯ ಖಾಸಗಿ ಕ್ಲಿನಿಕ್ಕು. ಅಲ್ಲಿ ಇನ್ನೊಂದು ಚೀಟಿ. ತಿಂಗಳುಗಟ್ಟಲೆ ಕೆಮ್ಮಿದರೆ ಕಫದ ಪರೀಕ್ಷೆಗೆ ಸರಕಾರಿ ಆಸ್ಪತ್ರೆ. ಅಲ್ಲಿ ಮೂರನೆಯ ಪುಸ್ತಕ. ಒಬ್ಬನೇ ಮನುಷ್ಯ, ಒಂದೇ ಎದೆ, ನಾಲ್ಕು ಕಡೆ ನಾಲ್ಕು ದಾಖಲೆ. ಒಂದಕ್ಕೊಂದು ಪರಿಚಯವಿಲ್ಲ. ಅವನ ಪಕ್ಕದ ಯಂತ್ರದಲ್ಲಿ ನಿಂತವನೂ ಹೀಗೆಯೇ ನಾಲ್ಕು ಬಾಗಿಲು ತಟ್ಟಿರುತ್ತಾನೆ. ಅದೇ ಖಾತೆಯ ಹತ್ತು ಜನ ಒಂದೇ ತರಹ ಕೆಮ್ಮುತ್ತಿದ್ದಾರೆಂಬುದು ಕೆಲಸಗಾರರಿಗೆಲ್ಲ ಗೊತ್ತು, ಅವರವರ ಹೆಂಡಿರಿಗೂ ಗೊತ್ತು. ಗೊತ್ತಿಲ್ಲದಿರುವುದು ಸರಕಾರಕ್ಕೆ ಮಾತ್ರ.

ಹತ್ತಿಯ ಧೂಳಿನಿಂದ ಬರುವ ಈ ಕಾಯಿಲೆಗೆ ಬಿಸಿನೋಸಿಸ್ ಎಂದು ಹೆಸರು. ಹತ್ತಿಯ ಬೇಲು ಒಡೆದು ಬಿಡಿಸುವ ಬ್ಲೋರೂಮಿನಲ್ಲಿ, ಕಾರ್ಡಿಂಗ್ ಖಾತೆಯಲ್ಲಿ ಇದರ ಕಾಟ ಹೆಚ್ಚು. ಇದಕ್ಕೊಂದು ವಿಚಿತ್ರ ಗುಣವಿದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲನೆಯ ದಿನವೇ ಎದೆ ಹೆಚ್ಚು ಬಿಗಿಯುತ್ತದೆ. ಮರುದಿನ ಅಷ್ಟಿಲ್ಲ, ಅದರಾಚೆ ದಿನ ಇನ್ನೂ ಕಡಿಮೆ. ವರ್ಷಗಳು ಕಳೆದಂತೆ ಬಿಗಿತ ಎರಡನೆಯ ದಿನಕ್ಕೂ ಮೂರನೆಯ ದಿನಕ್ಕೂ ಹರಡಿ, ಕೊನೆಗೆ ರಜೆಯ ದಿನವೂ ಬಿಡದೆ ನಿಂತುಬಿಡುತ್ತದೆ. ಆ ಹಂತಕ್ಕೆ ಹೋದ ಮೇಲೆ ಎದೆ ಹಿಂದಿನಂತಾಗುವುದಿಲ್ಲ. ಸೋಮವಾರ ಕೆಲಸ ಶುರುವಾಗುವ ಊರುಗಳಲ್ಲಿ ಇದನ್ನು ಸೋಮವಾರದ ಜ್ವರವೆಂದೇ ಕರೆದರು.

ಇದರಲ್ಲಿ ಡಾಕ್ಟರರಿಗೆ ಒಂದು ತೊಡಕಿದೆ. ಕಲ್ಲಿನ ಪುಡಿಯಿಂದ ಬರುವ ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ತನ್ನ ಗುರುತು ಬಿಡುತ್ತದೆ. ಹತ್ತಿಯ ಧೂಳು ಹಾಗೆ ತನ್ನದೇ ಆದ ಗುರುತನ್ನು ಬಿಡುವುದಿಲ್ಲ. ರೋಗಿಯನ್ನು ಒಬ್ಬನನ್ನೇ ಕೂರಿಸಿ ನೋಡಿದರೆ ಅದು ದಮ್ಮಿನಂತೆ ಕಾಣುತ್ತದೆ, ಬೀಡಿ ಸೇದುವವನಾದರೆ ಬೀಡಿಯ ಕೆಮ್ಮಿನಂತೆ ಕಾಣುತ್ತದೆ. ಏನು ಕೆಲಸ, ಯಾವ ಖಾತೆ, ಎಷ್ಟು ವರ್ಷ, ವಾರದ ಯಾವ ದಿನ ಹೆಚ್ಚು ಎಂದು ಕೇಳಿದರೆ, ಪಾಳಿಗೆ ಹೋಗುವ ಮುಂಚೆ ಒಮ್ಮೆ, ಪಾಳಿ ಮುಗಿದ ಮೇಲೆ ಒಮ್ಮೆ ಉಸಿರು ಊದಿಸಿ ಅಳೆದರೆ ರೋಗ ಬಾಯಿ ಬಿಡುತ್ತದೆ. ಅದೇ ಖಾತೆಯ ಇತರರ ಅಳತೆಯನ್ನೂ ಪಕ್ಕದಲ್ಲಿಟ್ಟು ನೋಡಿದರೆ ಸಂಶಯಕ್ಕೆ ಎಡೆಯೇ ಉಳಿಯುವುದಿಲ್ಲ. ಅಂದರೆ ಈ ಕಾಯಿಲೆಯಲ್ಲಿ ದಾಖಲೆಗಳನ್ನು ಕೂಡಿಸುವುದೇ ಅರ್ಧ ರೋಗಪರೀಕ್ಷೆ. ಕೂಡಿಸದೆ ಚದುರಿಸಿಟ್ಟರೆ ರೋಗವೇ ಇಲ್ಲವಾಗುತ್ತದೆ. ಚೀಟಿಯ ಮೇಲೆ ‘ದಮ್ಮು’ ಎಂದು ಬರೆದರೆ ಅದು ಕೂಲಿಗಾರನ ಹಣೆಬರಹ; ‘ಬಿಸಿನೋಸಿಸ್’ ಎಂದು ಬರೆದರೆ ಮಾಲಿಕನ ಹೊಣೆ. ಒಂದು ಪದದ ಅಂತರದಲ್ಲಿ ಎಷ್ಟು ಹಣವಿದೆ ನೋಡಿ!

ಕಾಯಿದೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಪಟ್ಟಿಯಲ್ಲಿರುವ ವೃತ್ತಿರೋಗ ಕಂಡ ಡಾಕ್ಟರು ಕಾರ್ಖಾನೆಗಳ ಮುಖ್ಯ ಇನ್‌ಸ್ಪೆಕ್ಟರಿಗೆ ಬರೆದು ತಿಳಿಸಬೇಕೆಂದು 1948ರ ಕಾಯಿದೆಯೇ ಹೇಳಿತ್ತು. ಹೊಸ ಸುರಕ್ಷತಾ ಸಂಹಿತೆಯ ಹನ್ನೆರಡನೆಯ ಕಲಮೂ ಅದನ್ನೇ ಹೇಳುತ್ತದೆ. ತಿಳಿಸದ ಡಾಕ್ಟರಿಗೆ ಹತ್ತು ಸಾವಿರ ರೂಪಾಯಿವರೆಗೆ ದಂಡವಿದೆ. ಪಟ್ಟಿಯಲ್ಲಿ ಬಿಸಿನೋಸಿಸ್ ಹೆಸರು ಇದೆ. ಇ.ಎಸ್.ಐ. ಕಾಯಿದೆಯ ಪಟ್ಟಿಯಲ್ಲಿಯೂ ಇತ್ತು. ಅದು ಪರಿಹಾರಕ್ಕೆ ಅರ್ಹವಾದ ರೋಗ. (ಹೊಸ ಸಂಹಿತೆಯಲ್ಲಿ ಇನ್‌ಸ್ಪೆಕ್ಟರ ಹೆಸರನ್ನು ‘ಇನ್‌ಸ್ಪೆಕ್ಟರ್-ಕಂ-ಫೆಸಿಲಿಟೇಟರ್’ ಎಂದು ಉದ್ದ ಮಾಡಿದ್ದಾರೆ, ಎಂದರೆ ತನಿಖೆಯ ಜೊತೆಗೆ ಅನುಕೂಲವನ್ನೂ ಮಾಡಿಕೊಡುವವನು. ಯಾರಿಗೆ ಅನುಕೂಲ ಎಂಬುದನ್ನು ಕಾಲವೇ ಹೇಳಬೇಕು.)

ಇಷ್ಟೆಲ್ಲ ಇದ್ದೂ ವರದಿ ಏಕೆ ಹೋಗುವುದಿಲ್ಲ? ಮಿಲ್ಲಿನ ಡಾಕ್ಟರ ಸಂಬಳ ಮಿಲ್ಲಿನಿಂದ ಬರುತ್ತದೆ. ಉಪ್ಪು ತಿಂದ ಮನೆಗೆ ಎರಡು ಬಗೆಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಇ.ಎಸ್.ಐ. ಡಾಕ್ಟರರ ಮುಂದೆ ಬಾಗಿಲಾಚೆಯವರೆಗೂ ಸಾಲು. ಕಸುಬೇನು, ಖಾತೆ ಯಾವುದು ಎಂದು ವಿಚಾರಿಸಲು ಪುರಸತ್ತೆಲ್ಲಿ? ವಿಚಾರಿಸಿ ತಿಳಿದರೂ ಅದನ್ನು ಇನ್ನೊಂದು ಇಲಾಖೆಗೆ ಪ್ರತ್ಯೇಕ ಕಾಗದದಲ್ಲಿ ಬರೆದು ಕಳಿಸಬೇಕು. ದವಾಖಾನೆಗೆ ಕಂಪ್ಯೂಟರು ಬಂದು ವರುಷಗಳಾದವು. ಇ.ಎಸ್.ಐ. ನಿಗಮದ ಪಂಚದೀಪ ಯೋಜನೆಯಲ್ಲಿ ವಿಮೆಯ ನಂಬರು, ವಂತಿಗೆ ಎಲ್ಲವೂ ಯಂತ್ರಕ್ಕೆ ಏರಿವೆ. ಎಪ್ಪತ್ತೈದು ಪೈಸೆ ವಂತಿಗೆ ತಪ್ಪಿದರೆ ಯಂತ್ರಕ್ಕೆ ತಿಳಿಯುತ್ತದೆ. ಒಂದೇ ಖಾತೆಯ ಹತ್ತು ಎದೆ ಕೆಟ್ಟರೆ ತಾನಾಗಿ ಕಾರ್ಖಾನೆ ಇಲಾಖೆಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಮಾತ್ರ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

‘ಇದು ಆಗದ ಮಾತು, ಖಾಸಗಿ ಡಾಕ್ಟರರಿಂದ ವರದಿ ಪಡೆಯುವುದುಂಟೆ?’ ಎಂದು ಕೇಳುವವರಿದ್ದಾರೆ. ಅವರು ಕ್ಷಯದ ಕಡೆ ನೋಡಲಿ. 2012ರ ಮೇ ತಿಂಗಳಿನಲ್ಲಿ ಕೇಂದ್ರ ಸರಕಾರ ಕ್ಷಯವನ್ನು ಕಡ್ಡಾಯವಾಗಿ ತಿಳಿಸಬೇಕಾದ ರೋಗವೆಂದು ಆಜ್ಞೆ ಮಾಡಿತು. ಅದೇ ವರ್ಷ ‘ನಿಕ್ಷಯ್’ ಎಂಬ ಕಂಪ್ಯೂಟರು ದಫ್ತರ ತೆರೆಯಿತು. ಮೊದಮೊದಲು ಖಾಸಗಿಯವರು ತಲೆ ಹಾಕಲಿಲ್ಲ. 2018ರ ಮಾರ್ಚಿನಲ್ಲಿ ಹೊಸ ಗೆಜೆಟ್ ಪ್ರಕಟಣೆ ಬಂತು. ಔಷಧ ಅಂಗಡಿಯವರನ್ನೂ ಅದರೊಳಗೆ ಸೇರಿಸಿ, ತಿಳಿಸದವರಿಗೆ ಜೈಲಿನ ಕಲಮನ್ನೂ ತೋರಿಸಿದರು. ಅದೇ ವರ್ಷದ ಏಪ್ರಿಲಿನಿಂದ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡತೊಡಗಿದರು. 2024ರ ನವೆಂಬರಿನಿಂದ ಅದು 1000 ಆಯಿತು. ಈ ಹಣ ಕೈಸೇರುವುದು ತಡ ಎಂಬ ದೂರು ಬಹಳ ಇದೆ, ಇರಲಿ. 2023ರಲ್ಲಿ ದೇಶದಲ್ಲಿ ದಾಖಲಾದ ಕ್ಷಯ ರೋಗಿಗಳು 25 ಲಕ್ಷಕ್ಕೂ ಮೇಲೆ. ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಖಾಸಗಿ ವೈದ್ಯರಿಂದ ಬಂದದ್ದು. ಭಯವೂ ಇತ್ತು, ರೋಗಿಗೆ ಲಾಭವೂ ಇತ್ತು, ಬರೆಯಲು ಒಂದೇ ಪುಸ್ತಕವೂ ಇತ್ತು. ಆದ್ದರಿಂದ ವರದಿ ಬಂತು. ಕ್ಷಯಕ್ಕೆ ಸಾಧ್ಯವಾದದ್ದು ಧೂಳಿಗೆ ಏಕೆ ಅಸಾಧ್ಯ? ಕ್ಷಯದ ಕ್ರಿಮಿಗೆ ಮಾಲಿಕನಿಲ್ಲ, ಧೂಳಿಗೆ ಇದ್ದಾನೆ. ವ್ಯತ್ಯಾಸವೆಲ್ಲ ಅಲ್ಲಿದೆ ಎಂದು ನಮ್ಮ ಗುಮಾನಿ.

ರಾಜಸ್ಥಾನದ ಕಲ್ಲುಗಣಿಯ ಜನ ಈ ಗುಮಾನಿಯನ್ನು ಹೊತ್ತುಕೊಂಡೇ ಹೋರಾಡಿದರು. ಅಲ್ಲಿ ಮರಳುಗಲ್ಲು ಒಡೆಯುವವರ ಎದೆಯಲ್ಲಿ ಸಿಲಿಕೋಸಿಸ್ ಮನೆ ಮಾಡುತ್ತದೆ. ಎಷ್ಟೋ ಜನರಿಗೆ ಅದನ್ನು ಕ್ಷಯವೆಂದೇ ತಿಳಿದು ಕ್ಷಯದ ಮಾತ್ರೆ ನುಂಗಿಸಿದ್ದುಂಟು. ಸಂಘಟನೆಗಳ ಒತ್ತಾಯದಿಂದ 2019ರ ಅಕ್ಟೋಬರಿನಲ್ಲಿ ಆ ರಾಜ್ಯ ಧೂಳಿನ ಶ್ವಾಸಕೋಶ ರೋಗಗಳಿಗೆಂದೇ ಒಂದು ನೀತಿಯನ್ನು ಹೊರತಂದಿತು. ರೋಗಿ ಹೆಸರು ಬರೆಸಬೇಕು, ಎಕ್ಸ್‌ರೇ ಆಗಬೇಕು, ಡಾಕ್ಟರರು ದೃಢಪಡಿಸಬೇಕು. ಆ ದೃಢೀಕರಣ ಕಂಪ್ಯೂಟರಿನ ಮೂಲಕ ಆರೋಗ್ಯ ಇಲಾಖೆಯಿಂದ ಸಮಾಜ ಕಲ್ಯಾಣದ ಇಲಾಖೆಗೆ ಹೋಗುತ್ತದೆ. ರೋಗಿಗೆ 3 ಲಕ್ಷ ರೂಪಾಯಿ, ಅವನು ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ. ಅಲ್ಲಿಯೂ ಕುಂದುಕೊರತೆಗಳು ಉಂಟು. ಅಲ್ಲದೆ ಸತ್ತವನಿಗೆ ಹಣ ಎಣಿಸುವುದಕ್ಕಿಂತ ಧೂಳು ಹಿಡಿಯುವ ಯಂತ್ರ ಹಾಕಿಸುವುದು ಮೊದಲಾಗಬೇಕು. ಆದರೂ ಒಂದು ಮಾತು ಸಿದ್ಧವಾಯಿತು: ಆಸ್ಪತ್ರೆಯ ಕಾಗದವೊಂದು ಇಲಾಖೆಯ ಗೋಡೆ ದಾಟಿ ಬಡವನ ಮನೆಗೆ ಅನ್ನವಾಗಿ ಬರಬಲ್ಲದು.

ವ್ಯಾಪಾರಿ ಬಂಧುಗಳು ಇದು ಮಿಲ್ಲಿನವರ ಮಾತು, ನಮಗೇನು ಎಂದುಕೊಳ್ಳಬಾರದು. ಕಿರಾಣಿ ಅಂಗಡಿಯವನಿಗೆ ಇ.ಎಸ್.ಐ. ಇಲ್ಲ, ರಜೆ ಇಲ್ಲ. ಹಾಸಿಗೆ ಹಿಡಿದ ದಿನ ಅಂಗಡಿಯ ಬಾಗಿಲು ಮುಚ್ಚಿತು. ಅವನ ಓಣಿಯ ಕುಡಿಯುವ ನೀರಿನ ಕೊಳವೆಗೆ ಚರಂಡಿ ಸೇರಿತೆನ್ನಿ. ಮೂವರು ವಾಂತಿಭೇದಿಯವರು ಒಂದು ಕ್ಲಿನಿಕ್ಕಿಗೆ, ನಾಲ್ವರು ಇನ್ನೊಂದಕ್ಕೆ, ಇಬ್ಬರು ದೊಡ್ಡಾಸ್ಪತ್ರೆಗೆ ಹೋಗುತ್ತಾರೆ. ಯಾವ ಡಾಕ್ಟರಿಗೂ ಇದು ದೊಡ್ಡ ಸಂಖ್ಯೆಯಲ್ಲ. ಒಂಬತ್ತನ್ನು ಒಂದೇ ಹಾಳೆಯಲ್ಲಿ ಬರೆದವನಿಗೆ ಮಾತ್ರ ಓಣಿ ಕಾಣುತ್ತದೆ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಎದ್ದಾಗ ಜಾನ್ ಸ್ನೋ ಎಂಬ ವೈದ್ಯ ಮಾಡಿದ್ದು ಇದನ್ನೇ. ಮರಣ ನೋಂದಣಿ ಕಚೇರಿಯಿಂದ 83 ಸಾವುಗಳ ಪಟ್ಟಿ ತಂದು, ಮನೆ ಮನೆ ವಿಚಾರಿಸಿ, ಒಂದು ಬೀದಿಯ ನೀರಿನ ಪಂಪಿನ ಕಡೆ ಬೆರಳು ತೋರಿಸಿದ. ಪಂಪಿನ ಹಿಡಿ ತೆಗೆಸಿದರು. ಕಚೇರಿ ಪಟ್ಟಿ ಕೊಡದಿದ್ದರೆ ಸ್ನೋನ ಜಾಣತನ ಜೇಬಿನಲ್ಲಿಯೇ ಉಳಿಯುತ್ತಿತ್ತು.

ನಮ್ಮಲ್ಲಿಯೂ ಸಾಂಕ್ರಾಮಿಕಗಳಿಗೆ ಇಂಥ ಏರ್ಪಾಡು ಒಂದಿದೆ. ಊರಿನ ಆರೋಗ್ಯ ಕಾರ್ಯಕರ್ತೆ ಒಂದು ನಮೂನೆ, ಡಾಕ್ಟರು ಒಂದು ನಮೂನೆ, ಪ್ರಯೋಗಶಾಲೆ ಒಂದು ನಮೂನೆ ತುಂಬಬೇಕು. 2018ರಲ್ಲಿ ಇದನ್ನು ಕಂಪ್ಯೂಟರಿಗೆ ಏರಿಸಿದ ಮೊದಲ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2021ರ ಏಪ್ರಿಲಿನಲ್ಲಿ ಅದು ದೇಶಕ್ಕೆಲ್ಲ ಹಬ್ಬಿತು. ಏರ್ಪಾಡು ಸರಿಯೇ. ಆದರೆ ಆಸ್ಪತ್ರೆಯ ಕಂಪ್ಯೂಟರು ಬೇರೆ, ಇದು ಬೇರೆಯಾಗಿರುವಲ್ಲಿ, ಒಮ್ಮೆ ಬರೆದದ್ದನ್ನು ಇನ್ನೊಮ್ಮೆ ಕುಟ್ಟಬೇಕು. ಎರಡು ಸಲ ಬರೆಯುವ ಕೆಲಸ ಎಲ್ಲಿದೆಯೋ ಅಲ್ಲಿ ಎರಡನೆಯ ಸಲದ್ದು ಬಿಟ್ಟುಹೋಗುತ್ತದೆ. ಅಂಗಡಿಯಲ್ಲಿ ಚಿಲ್ಲರೆ ಪುಸ್ತಕ, ಖಾತೆ ಪುಸ್ತಕ ಎರಡನ್ನೂ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಹೊರೆ ಕೊನೆಗೆ ಬೀಳುವುದು ಆಶಾ ಕಾರ್ಯಕರ್ತೆಯ ತಲೆಯ ಮೇಲೆ. 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಆ ತಾಯಂದಿರು ಬಯಲಿನಲ್ಲಿ ಕುಳಿತು ಮುಷ್ಕರ ಹೂಡಿದ್ದನ್ನು ಓದುಗರು ಮರೆತಿಲ್ಲ. ಪೋರ್ಟಲಿಗೆ ಅಂಕಿ ಏರದಿದ್ದರೆ ಮಾಡಿದ ಕೆಲಸದ ಹಣವೂ ಇಲ್ಲ ಎಂಬ ಪದ್ಧತಿ ಅವರ ಹಳೆಯ ಸಂಕಟ. ಯಂತ್ರ ಯಂತ್ರಕ್ಕೆ ಹೇಳಬಹುದಾದದ್ದನ್ನು ಹೆಣ್ಣುಮಗಳ ಬೆರಳಿನಿಂದ ಹೇಳಿಸುವುದು ಸುಧಾರಣೆಯಲ್ಲ.

ಈಗ ಭಯದ ಮಾತಿಗೆ ಬರೋಣ. ಇದೇ ಮುಖ್ಯ.

‘ನನ್ನ ಎದೆ ಕೆಟ್ಟಿದೆಯೆಂದು ಬರೆದರೆ ನಾಳೆ ಗೇಟಿನಲ್ಲಿ ಟಿಕೇಟು ಕೊಡುವುದಿಲ್ಲ’ ಎಂದು ಕೂಲಿಗಾರ ಹೆದರುತ್ತಾನೆ. ಬದಲಿ ಕೆಲಸಗಾರನಂತೂ ಕೆಮ್ಮನ್ನು ನುಂಗಿಕೊಂಡೇ ಡಾಕ್ಟರ ಮುಂದೆ ನಿಲ್ಲುತ್ತಾನೆ. ಈ ಹೆದರಿಕೆ ಹುರುಳಿಲ್ಲದ್ದಲ್ಲ. ಜನರ ಆರೋಗ್ಯದ ಮಾಹಿತಿ ಸರಕಾರದ ಕೈಯಲ್ಲಿಯೇ ಹೇಗೆ ಬೀದಿಪಾಲಾಯಿತೆಂಬುದನ್ನು ನಾವು 2020ರ ಮಾರ್ಚಿನಲ್ಲಿ ಕಂಡಿದ್ದೇವೆ. ಕೋವಿಡ್ ಕಾಲದಲ್ಲಿ ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರಕಾರ ಎಲ್ಲರೂ ನೋಡುವಂತೆ ಪ್ರಕಟಿಸಿತು. ಪಟ್ಟಿ ಕೈಯಿಂದ ಕೈಗೆ ಓಡಾಡಿತು. ರೋಗವಿಲ್ಲದವನ ಮನೆಯನ್ನೂ ಬೀದಿಯ ಜನ ಬೆರಳು ಮಾಡಿ ತೋರಿಸಿದರು. ಅದರಿಂದ ರೋಗ ನಿಂತಿತೆಂದು ನಾವು ನಂಬುವುದಿಲ್ಲ. ಪರೀಕ್ಷೆಗೆ ಬರಲು ಜನ ಅಂಜಿದರೆಂದು ಮಾತ್ರ ಬಲ್ಲೆವು. ಇನ್ನು ಯಂತ್ರವನ್ನು ನಂಬಿ ಕೆಟ್ಟ ಕಥೆ: 2022ರ ನವೆಂಬರಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯ ಕಂಪ್ಯೂಟರುಗಳಿಗೆ ಕಳ್ಳರು ಬೀಗ ಜಡಿದರು, ಅಂಥ ಆಸ್ಪತ್ರೆ ದಿನಗಟ್ಟಲೆ ಕಾಗದ ಪೆನ್ನು ಹಿಡಿದು ನಡೆಯಬೇಕಾಯಿತು.

ಖಾಸಗಿ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಆ ಕಾಯಿದೆಯ ಏಳನೆಯ ಕಲಮನ್ನು ಕೆಲಸಗಾರರೆಲ್ಲ ಒಮ್ಮೆ ಓದಿಸಿ ಕೇಳಬೇಕು. ಯಾವ ಯಾವ ಕಾರಣಕ್ಕೆ ಮನುಷ್ಯನ ಒಪ್ಪಿಗೆ ಇಲ್ಲದೆಯೇ ಅವನ ಮಾಹಿತಿಯನ್ನು ಬಳಸಬಹುದೆಂದು ಅಲ್ಲಿ ಹೇಳಿದೆ. ಸಾಂಕ್ರಾಮಿಕದ ಕಾಲದಲ್ಲಿ ಚಿಕಿತ್ಸೆಗೆ ಎಂಬುದು ಒಂದು. ಅದನ್ನು ನಾವು ಒಪ್ಪುತ್ತೇವೆ. ಆದರೆ ನೌಕರಿಯ ಉದ್ದೇಶಕ್ಕೆ, ಮಾಲಿಕನನ್ನು ನಷ್ಟದಿಂದ ಮತ್ತು ಹೊಣೆಯಿಂದ ಕಾಪಾಡುವ ಉದ್ದೇಶಕ್ಕೆ ಎಂಬರ್ಥದ ಮಾತೂ ಅದರಲ್ಲಿಯೇ ಇದೆ! ಧೂಳಿನಿಂದ ಎದೆ ಕೆಟ್ಟವನಿಗೆ ಪರಿಹಾರ ಕೊಡಬೇಕಾಗಿ ಬರುವುದು ಮಾಲಿಕನ ದೃಷ್ಟಿಯಲ್ಲಿ ‘ಹೊಣೆ’ಯಲ್ಲದೆ ಮತ್ತೇನು? ಆ ಹೊಣೆಯಿಂದ ತಪ್ಪಿಸಿಕೊಳ್ಳಲು ಕೂಲಿಗಾರನ ತಪಾಸಣೆಯ ಕಾಗದವನ್ನು ಮುಂಚಿತವಾಗಿ ನೋಡಿ, ಕೆಮ್ಮುವವನನ್ನು ಮೆಲ್ಲಗೆ ಹೊರಗೆ ಹಾಕಿದರೆ ತಡೆಯುವವರು ಯಾರು? ನಲವತ್ತು ದಾಟಿದವನ ಪುಕ್ಕಟೆ ತಪಾಸಣೆ ಹೀಗೆ ಬಲೆಯಾಗಿ ಬಿಡಬಹುದು.

ಕಾಗದವನ್ನು ಎಣಿಸುವುದೂ ಮನುಷ್ಯನನ್ನು ಕಾಪಾಡುವುದೂ ಒಟ್ಟಿಗೆ ಆಗುವ ಮಾತೇ ಅಲ್ಲವೆನ್ನುವವರಿಗೆ ಎಚ್.ಐ.ವಿ. ಕಾಯಿದೆ ಉತ್ತರ ಕೊಡುತ್ತದೆ. 2017ರ ಆ ಕಾಯಿದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಸರಕಾರ ರೋಗಿಗಳನ್ನು ಎಣಿಸುತ್ತದೆ, ಔಷಧ ಕೊಡುತ್ತದೆ. ಆದರೆ ಒಬ್ಬನ ರೋಗದ ಸ್ಥಿತಿಯನ್ನು ಬಯಲು ಮಾಡುವುದು ನಿಷಿದ್ಧ. ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಧೂಳಿನ ರೋಗಕ್ಕೂ ಇಂಥದೇ ಬೇಲಿ ಬೇಕು. ಇನ್‌ಸ್ಪೆಕ್ಟರಿಗೆ ಹೋಗುವ ವರದಿಯಲ್ಲಿ ಮಿಲ್ಲಿನ ಹೆಸರು, ಖಾತೆಯ ಹೆಸರು, ರೋಗಿಗಳ ಸಂಖ್ಯೆ ಇರಲಿ. ಕೂಲಿಗಾರನ ಹೆಸರು ಡಾಕ್ಟರು ಮತ್ತು ಇ.ಎಸ್.ಐ.ಯ ಪರಿಹಾರದ ಕಡತದಾಚೆ ಹೋಗದಿರಲಿ. ಮಾಲಿಕನಿಗೆ ತಿಳಿಯಬೇಕಾದದ್ದು ‘ನಿನ್ನ ಕಾರ್ಡಿಂಗ್ ಖಾತೆಯ ಗಾಳಿ ಕೆಟ್ಟಿದೆ, ಸರಿಪಡಿಸು’ ಎಂಬುದಷ್ಟೆ. ಯಾರ ಎದೆ ಎಷ್ಟು ಕೆಟ್ಟಿದೆಯೆಂಬ ಪಟ್ಟಿ ಅವನಿಗೆ ಏಕೆ?

ಈ ನಡುವೆ ಡಿಜಿಟಲ್ ಆರೋಗ್ಯದ ದೊಡ್ಡ ಹೆದ್ದಾರಿಯೊಂದನ್ನು ಹಾಕುತ್ತಿದ್ದಾರೆ. 2021ರ ಸೆಪ್ಟೆಂಬರಿನಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅದರ ಹೆಸರು. ಹದಿನಾಲ್ಕು ಅಂಕಿಯ ‘ಆಭಾ’ ನಂಬರು ಅದರ ಕೀಲಿ. ರೋಗಿಯ ಒಪ್ಪಿಗೆ ಇದ್ದರೆ ಒಂದು ಆಸ್ಪತ್ರೆಯ ದಾಖಲೆ ಇನ್ನೊಂದಕ್ಕೆ ಹೋಗುತ್ತದೆ. ತತ್ವ ಕೆಟ್ಟದ್ದಲ್ಲ. ನಾಲ್ಕು ಚೀಟಿಗಳ ನಮ್ಮ ಕೆಮ್ಮಿನವನಿಗೆ ಅದು ಉಪಕಾರವೇ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಟೋಕನ್ ಬೇಗ ಸಿಗಲೆಂದು ಮೊಬೈಲು ಚಾಚುವವನಿಗೆ ತಾನು ಯಾವುದಕ್ಕೆ ಒಪ್ಪಿದೆನೆಂಬುದು ತಿಳಿದಿರುತ್ತದೆಯೇ? ಅದೇ ಹೆದ್ದಾರಿಯ ಮಗ್ಗುಲಲ್ಲಿ ವಿಮೆಯ ಬಿಲ್ಲುಗಳು ಆಸ್ಪತ್ರೆಯಿಂದ ಕಂಪನಿಗೆ ಓಡಲು ಪ್ರತ್ಯೇಕ ದಾರಿಯನ್ನೂ ಮಾಡಿದ್ದಾರೆ. ಬಿಲ್ಲಿಗೆ ದಾರಿ ಸಿಕ್ಕಿದೆ. ಮಿಲ್ಲಿನ ಧೂಳಿನ ಸುದ್ದಿ ಕಾರ್ಖಾನೆ ಇಲಾಖೆಗೆ ಹೋಗಲು ಕಾಲುದಾರಿಯೂ ಇಲ್ಲ. ಯಾರ ಗಾಡಿ ಮೊದಲು ಓಡಬೇಕೆಂದು ತೀರ್ಮಾನಿಸಿದವರು ನಾವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಸರಕಾರ ಎಣಿಸದಿದ್ದರೆ ಕೂಲಿಗಾರರೇ ಎಣಿಸಿಕೊಂಡದ್ದುಂಟು. ಅಮೇರಿಕದ ಎರಡು ಕೆರೊಲಿನಾ ಪ್ರಾಂತ್ಯಗಳ ಹತ್ತಿ ಗಿರಣಿ ಊರುಗಳಲ್ಲಿ, ಉಸಿರು ಕಟ್ಟಿ ಮನೆಯಲ್ಲಿ ಕುಳಿತಿದ್ದ ಹಳೆಯ ಕೂಲಿಗಾರರು 1975ರಲ್ಲಿ ‘ಬ್ರೌನ್ ಲಂಗ್ ಅಸೋಸಿಯೇಷನ್’ ಎಂಬ ಸಂಘ ಕಟ್ಟಿದರು. ಒಪ್ಪುವ ಡಾಕ್ಟರರನ್ನು ಕರೆಸಿ ತಮ್ಮವರ ಉಸಿರನ್ನು ತಾವೇ ಅಳೆಸಿದರು. ಆ ಅಳತೆಯನ್ನು ಹಿಡಿದು ಪರಿಹಾರದ ಅರ್ಜಿ ಹಾಕಿದರು. ಸರಕಾರದ ವಿಚಾರಣೆಯಲ್ಲಿ ಕೆಮ್ಮುತ್ತಲೇ ಸಾಕ್ಷಿ ನುಡಿದರು. ಮಿಲ್ಲಿನ ಗಾಳಿಯಲ್ಲಿ ಹತ್ತಿಯ ಧೂಳು ಇಷ್ಟಕ್ಕಿಂತ ಹೆಚ್ಚಿರಕೂಡದೆಂದು 1978ರಲ್ಲಿ ಆ ದೇಶ ನಿಯಮ ಮಾಡಿತು. ಮಿಲ್ ಮಾಲಿಕರು ಕೋರ್ಟಿಗೆ ಹೋದರು. ಖರ್ಚು ಬಹಳ, ಲಾಭ ಸ್ವಲ್ಪ ಎಂದು ವಾದಿಸಿದರು. 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಾಲಿಕರ ವಾದವನ್ನು ತಳ್ಳಿತು. ಆಮೇಲೆ ಹೊಸ ಯಂತ್ರ ಬಂದವು, ಧೂಳು ಇಳಿಯಿತು, ರೋಗವೂ ಇಳಿಯಿತು.

ನಮ್ಮ ಸುಪ್ರೀಂ ಕೋರ್ಟೂ ಸುಮ್ಮನಿಲ್ಲ. ಆಸ್‌ಬೆಸ್ಟಾಸ್ ಕೆಲಸಗಾರರ ಮೊಕದ್ದಮೆಯಲ್ಲಿ 1995ರಲ್ಲಿ ಅದು ಕೊಟ್ಟ ತೀರ್ಪು ಹೀಗೆ: ಕೆಲಸಗಾರ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ಕೊನೆಯದೋ ಅಲ್ಲಿಯವರೆಗೆ ಅವನ ಆರೋಗ್ಯದ ದಾಖಲೆಯನ್ನು ಕಾಪಾಡಿ ಇಡತಕ್ಕದ್ದು. ಏಕೆಂದರೆ ಧೂಳಿನ ರೋಗಗಳು ಎಷ್ಟೋ ಸಲ ಕೆಲಸ ಬಿಟ್ಟ ಮೇಲೆಯೇ ತಲೆ ಎತ್ತುತ್ತವೆ. ಇದನ್ನು ಓದುವಾಗ ನಮ್ಮ ಕಣ್ಣ ಮುಂದೆ ಬರುವುದು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾಗಿದ್ದ ದಾವಣಗೆರೆಯಂಥ ಊರುಗಳಲ್ಲಿ ಒಂದೊಂದಾಗಿ ಬಾಗಿಲು ಮುಚ್ಚಿದ ಹತ್ತಿ ಮಿಲ್ಲುಗಳು. ಯಂತ್ರಗಳು ಗುಜರಿಗೆ ಹೋದವು, ಜಾಗ ಸೈಟುಗಳಾಯಿತು. ಅಲ್ಲಿ ಮೂವತ್ತು ವರ್ಷ ದುಡಿದವರ ಆರೋಗ್ಯದ ಕಾಗದ ಎಲ್ಲಿದೆ? ಮಾಲಿಕನ ಬೀರುವಿನಲ್ಲಿಟ್ಟ ದಾಖಲೆಗೆ ಬೀರುವಿನಷ್ಟೇ ಆಯುಷ್ಯ. ಆದ್ದರಿಂದಲೇ ಅದು ಸಾರ್ವಜನಿಕ ದಫ್ತರಕ್ಕೆ ಹೋಗಬೇಕೆಂದು ನಾವು ಹಟ ಹಿಡಿಯುತ್ತಿರುವುದು.

ಇನ್ನೊಂದು ಮಾತನ್ನು ಬಿಡುವಂತಿಲ್ಲ. ವೃತ್ತಿರೋಗದ ವರದಿ ಸಾಮಾನ್ಯವಾಗಿ ಹತ್ತು ಜನರಿಗೆ ಮೇಲ್ಪಟ್ಟು ದುಡಿಯುವ ಸಂಸ್ಥೆಗಳ ಮಾತು. ‘ಕಾರ್ಖಾನೆ’ ಎನ್ನಿಸಿಕೊಳ್ಳಲು ವಿದ್ಯುತ್ತಿದ್ದರೆ 20, ಇಲ್ಲದಿದ್ದರೆ 40 ಜನ ಬೇಕೆಂದು ಹೊಸ ಸಂಹಿತೆ ಹೊಸಿಲನ್ನು ಇಮ್ಮಡಿ ಎತ್ತರಿಸಿದೆ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ನಿಂತ ನಾಲ್ಕೈದು ಜನ, ಹಿಟ್ಟಿನ ಗಿರಣಿಯ ಇಬ್ಬರು, ಹತ್ತಿ ಹಿಂಜುವವರು, ಇವರೆಲ್ಲ ಯಾವ ಹೊಸಿಲಿನ ಒಳಗೂ ಇಲ್ಲ. ಇವರ ಕೆಮ್ಮು ದಾಖಲಾಗುವ ಜಾಗ ಒಂದೇ: ನಮ್ಮ ಕ್ಲಿನಿಕ್ಕು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿಗಳ ಪುಸ್ತಕ. ಅಲ್ಲಿ ಹೆಸರು, ವಯಸ್ಸು, ಊರು ಬರೆಯುವ ಸಾಲಿನಲ್ಲಿ ‘ಕಸುಬು’ ಎಂದು ಇನ್ನೊಂದು ಮನೆ ಹಾಕಿ ತಪ್ಪದೆ ತುಂಬಿಸಿದರೆ ಸಾಕು, ಒಂದು ವರ್ಷದೊಳಗೆ ಭಟ್ಟಿಯ ಓಣಿಯ ಚಿತ್ರ ಜಿಲ್ಲಾಧಿಕಾರಿಯ ಮೇಜಿನ ಮೇಲಿರುತ್ತದೆ. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ, ಕೋಟಿಗಟ್ಟಲೆ ಹಣವೂ ಬೇಕಿಲ್ಲ. ನಗರಸಭೆ, ಜಿಲ್ಲಾ ಪಂಚಾಯಿತಿಗಳಿಗೆ ಓಟು ಕೇಳಲು ಬರುವವರನ್ನು ಈ ಒಂದು ಮನೆಯ ಬಗ್ಗೆ ನಿಲ್ಲಿಸಿ ಕೇಳಿ.

ಈ ವರ್ಷ ಪುಕ್ಕಟೆ ತಪಾಸಣೆಗೆ ಹೋಗುವ ಗೆಳೆಯರಿಗೆ ಒಂದೆರಡು ಸೂಚನೆ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಯಾವ ಖಾತೆ, ಎಷ್ಟು ವರ್ಷ, ರಜೆಯ ಮರುದಿನ ಎದೆ ಹೇಗಿರುತ್ತದೆ. ಹೇಳಿದ್ದನ್ನು ಚೀಟಿಯಲ್ಲಿ ಬರೆದರೋ ಇಲ್ಲವೋ ನೋಡಿ. ಓದು ಬಾರದಿದ್ದರೆ ಮಗಳಿಂದ ಓದಿಸಿ. ಎಕ್ಸ್‌ರೇ ಮತ್ತು ಉಸಿರಿನ ಅಳತೆಯ ಒಂದೊಂದು ಪ್ರತಿ ಕೇಳಿ ಪಡೆದು ರೇಷನ್ ಕಾರ್ಡಿನ ಜೊತೆ ಇಡಿ. ಯೂನಿಯನ್ನಿನವರು ಹೆಸರಿಲ್ಲದ ಒಂದು ಪುಸ್ತಕ ತೆರೆಯಲಿ. ಖಾತೆ ಮತ್ತು ಸಂಖ್ಯೆ ಇದ್ದರೆ ಸಾಕು. ಒಂದೇ ಖಾತೆಯಲ್ಲಿ ಐವರು ಕಂಡ ದಿನ ಕಾರ್ಖಾನೆಗಳ ಮುಖ್ಯ ಇನ್‌ಸ್ಪೆಕ್ಟರಿಗೆ ಹನ್ನೆರಡನೆಯ ಕಲಮನ್ನು ನೆನಪಿಸಿ ಒಂದು ಕಾಗದ ಬರೆಯಲಿ, ಅದರ ಪ್ರತಿಯನ್ನು ಜಿಲ್ಲಾ ಸರ್ವೇಕ್ಷಣಾಧಿಕಾರಿಗೂ ಕಳಿಸಲಿ. ಸ್ಪೀಡ್ ಪೋಸ್ಟಿನಲ್ಲಿಯೇ ಕಳಿಸಿ; ಅಂಚೆಯ ರಸೀದಿಯನ್ನು ಜೋಪಾನ ಮಾಡಿ.